ಮಾತು ಕೊಡುವುದೆಂದರೆ ಪಣ ತೊಟ್ಟಂತೆ

ಸೋದರಿಯರೇ, ಈ ಸಲದ ಪದ 'ಪ್ಲೈಟ್'. ವಿಮಾನದ 'ಫ್ಲೈಟ್' ಅಲ್ಲ, ಗಡಿಬಿಡಿ ಮಾಡ್ಕೋಬೇಡಿ! ಇದು ಹಳೆಯ ಇಂಗ್ಲಿಷ್ ಕ್ರಿಯಾಪದ. ಮಾತಿನಲ್ಲಿ ಈಗ ಯಾರೂ ಬಳಸುವುದಿಲ್ಲ. ಇಂಗ್ಲೆಂಡಿನ ಚರ್ಚಿನ ಹಳೆಯ ಮದುವೆ ವಿಧಿಯಲ್ಲಿ ಮಾತ್ರ ಭದ್ರವಾಗಿ ಕೂತಿದೆ.

1549ರ ಪ್ರಾರ್ಥನಾ ಪುಸ್ತಕದ ಪ್ರಕಾರ, ವರ ವಧುವಿನ ಬಲಗೈ ಹಿಡಿದು, ಸುಖದಲ್ಲೂ ಕಷ್ಟದಲ್ಲೂ ಸಾಯುವ ತನಕ ಜೊತೆಗಿರುವೆನೆಂದು ಹೇಳಿ, ಕೊನೆಗೆ ತನ್ನ 'ಟ್ರೋತ್' ಅನ್ನು 'ಪ್ಲೈಟ್' ಮಾಡುತ್ತಾನೆ. ಟ್ರೋತ್ ಎಂದರೆ ನಿಷ್ಠೆ. ನಮಗೆ ಗೊತ್ತಿರುವ 'ಟ್ರೂತ್' ಪದದ ಒಡಹುಟ್ಟು. ಪ್ಲೈಟ್ ಎಂದರೆ ವಚನ ಕೊಡು.

ಆದರೆ ಇದರ ಬೇರು ನೋಡಿದರೆ ಆಶ್ಚರ್ಯವಾಗುತ್ತೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದರ ಮೂಲಪದಕ್ಕೆ 'ಅಪಾಯ' ಎಂದರ್ಥ! ಅಂದರೆ ವಚನ ಕೊಡುವವನು ತನ್ನನ್ನೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ತಪ್ಪಿದರೆ ನಷ್ಟ ಅವನದೇ. ಇದೇ ಬೇರಿನ ಜರ್ಮನ್ ಪದಕ್ಕೆ 'ಕರ್ತವ್ಯ' ಎಂಬ ಅರ್ಥ. 'ದುಃಸ್ಥಿತಿ' ಎಂಬರ್ಥದ ಇನ್ನೊಂದು 'ಪ್ಲೈಟ್' ಇದೆಯಲ್ಲ, ಅದು ಬೇರೆ ಮನೆತನದ್ದು. ಫ್ರೆಂಚಿನಿಂದ ಬಂದದ್ದು, ನಾವು ಸೀರೆ ನೆರಿಗೆಗೆ ಹೇಳುವ 'ಪ್ಲೀಟ್'ನ ನಂಟಿನದು.

ವಚನಕ್ಕೂ ಅಪಾಯಕ್ಕೂ ಏನು ಸಂಬಂಧ ಅಂತೀರಾ? ನಮ್ಮ 'ಪಣ'ವನ್ನೇ ನೋಡಿ. 'ಪಣ ತೊಡು' ಎಂದರೆ ಶಪಥ. 'ಪಣಕ್ಕೆ ಒಡ್ಡು' ಎಂದರೆ ಜೂಜಿಗೆ ಇಡು. ಧರ್ಮರಾಯ ಪಣಕ್ಕಿಟ್ಟದ್ದು ಯಾರನ್ನು ಅಂತ ನಿಮಗೆ ಹೇಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲೂ ಕಥೆ ಹಾಗೇ ಇತ್ತು. ವಿಧಿಯಲ್ಲಿ 'ಪ್ಲೈಟ್' ಎನ್ನುವುದು ವರ ಮಾತ್ರ. ವಧು ತನ್ನ ನಿಷ್ಠೆಯನ್ನು 'ಕೊಡುತ್ತೇನೆ' ಎನ್ನುತ್ತಾಳೆ, ಜೊತೆಗೆ ವಿಧೇಯಳಾಗಿರುತ್ತೇನೆಂದೂ ಸೇರಿಸುತ್ತಾಳೆ. ಅಪಾಯದ ಮಾತು ಅವನ ಬಾಯಲ್ಲಿ. ನಿಜವಾಗಿ ಪಣಕ್ಕೆ ಬಿದ್ದದ್ದು ಅವಳ ಬದುಕು. ಮದುವೆಯಾದೊಡನೆ ಅವಳ ಹಣ, ದುಡಿಮೆ ಎಲ್ಲ ಕಾನೂನಿನಂತೆ ಗಂಡನ ಕೈಗೆ ಹೋಗುತ್ತಿತ್ತು. 1870ರಲ್ಲಿ ದುಡಿದ ಸಂಬಳವಾದರೂ ಅವಳದಾಯಿತು. ಪೂರ್ತಿ ಆಸ್ತಿಯ ಹಕ್ಕಿಗೆ 1882ರ ಕಾಯ್ದೆಯೇ ಬರಬೇಕಾಯಿತು. 1981ರಲ್ಲಿ ರಾಜಕುಮಾರ ಚಾರ್ಲ್ಸ್‌ನ ಕೈಹಿಡಿದ ಡಯಾನಾ 'ವಿಧೇಯಳಾಗಿರುತ್ತೇನೆ' ಎಂಬ ಮಾತನ್ನು ಬಿಟ್ಟೇ ಪ್ರಮಾಣ ಮಾಡಿದಳು.

ಪದ ಹಳೆಯದಾಯಿತು, ಅದರ ಬುದ್ಧಿಮಾತು ಹಳೆಯದಾಗಿಲ್ಲ. ಮಾತು ಕೊಡುವವರು ಪಣಕ್ಕಿಡಬೇಕಾದದ್ದು ತಮ್ಮನ್ನು, ಎದುರಿಗಿರುವವರನ್ನಲ್ಲ. ಮನೆಯಲ್ಲಿ ಮದುವೆ ಮಾತುಕತೆ ನಡೆಯುವಾಗ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಇದನ್ನೊಮ್ಮೆ ನೆನೆಸಿಕೊಂಡರೆ ಒಳ್ಳೆಯದಲ್ಲವೇ?