ಹೆಬ್ಬೆಗೆ ಹೊರಟವರು ತರೀಕೆರೆಯಲ್ಲಿ ಇಳಿಯಲಿ

ಶನಿವಾರ ನಸುಕಿನಲ್ಲೇ ಬೆಂಗಳೂರು ಬಿಡುವ ಟೆಂಪೊ ಟ್ರಾವೆಲರ್‌ಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ, ಕೊನೆಗೆ ಹೆಬ್ಬೆ ಜಲಪಾತ. ಎರಡು ಹಗಲಲ್ಲಿ ಏಳು ಜಾಗ. ಭಾನುವಾರ ನಡುರಾತ್ರಿ ಮನೆ ಸೇರುವ ಹೊತ್ತಿಗೆ ಮಕ್ಕಳು ಸೀಟಿನಲ್ಲೇ ನಿದ್ದೆಹೋಗಿರುತ್ತಾರೆ, ಅಜ್ಜಿಯ ಮಂಡಿ ಊದಿರುತ್ತದೆ. ಫೋನಿನ ತುಂಬ ಫೋಟೊ ಇರುತ್ತವೆ, ಯಾವ ಗುಡ್ಡ ಎಲ್ಲಿಯದು ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಈ ಬಗೆಯ ಪ್ರವಾಸ ಹುಡುಗರ ಗುಂಪಿಗೆ ಸರಿ. ಮೂರು ತಲೆಮಾರು ಒಟ್ಟಿಗೆ ಹೊರಟಾಗ ಅದು ಶಿಕ್ಷೆ. ಚಂದ್ರದ್ರೋಣ ಪರ್ವತದ ಈಚೆ ಬದಿಯ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ಕುಟುಂಬ ಸಮೇತ ನೋಡಬೇಕೆಂದರೆ ಯೋಜನೆಯನ್ನೇ ತಿರುವಿ ಹಾಕಬೇಕು. ಗುಡ್ಡದ ಮೇಲೆ ಜಾಗ ಹುಡುಕುವ ಬದಲು ಬಯಲಿನ ಊರಿನಲ್ಲಿ ಮೂರು ರಾತ್ರಿ ತಂಗಬೇಕು. ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಟುಕೊಳ್ಳಬೇಕು. ಮಧ್ಯಾಹ್ನದ ಊಟ, ಒಂದು ಗಳಿಗೆಯ ನಿದ್ದೆ ತಪ್ಪಬಾರದು.

ಇದಕ್ಕೆ ದಾರಿ ಹೊಸದಾಗಿ ಮಾಡಬೇಕಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಬೆಂಗಳೂರು–ಶಿವಮೊಗ್ಗ ರೈಲುಗಳು ಈಗಲೂ ಕಡೂರು, ಬೀರೂರು, ತರೀಕೆರೆಯ ಮೂಲಕವೇ ಸಾಗುತ್ತವೆ. ಹುಬ್ಬಳ್ಳಿ ಕಡೆಯ ಹಳಿ ಅಜ್ಜಂಪುರ ಮುಟ್ಟುತ್ತದೆ. ರೈಲಿನಲ್ಲಿ ಕಾಲು ಚಾಚಿ ಬಂದ ಅಜ್ಜನಿಗೂ ಆರು ತಾಸು ಕಾರಿನಲ್ಲಿ ಮುದುಡಿ ಕುಳಿತು ಬಂದ ಅಜ್ಜನಿಗೂ ಮರುದಿನ ಬೆಳಗ್ಗೆ ಗೊತ್ತಾಗುವ ವ್ಯತ್ಯಾಸವಿದೆ. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಗೆ ಬಾಡಿಗೆ ಕಾರು ಹಿಡಿದರೆ ಘಟ್ಟದ ತಿರುವು ಒಂದೇ ದಿನದ ಕಷ್ಟ.

ಹೆಬ್ಬೆಯ ವಿಷಯದಲ್ಲಿ ಮೊದಲೇ ತಿಳಿದಿರಬೇಕಾದ ಸಂಗತಿಗಳಿವೆ. ಎರಡು ಹಂತದಲ್ಲಿ ಒಟ್ಟು 168 ಮೀಟರ್ ಇಳಿಯುವ ಈ ಜಲಪಾತಕ್ಕೆ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂಬ ಎರಡು ಭಾಗ. ಕೆಮ್ಮಣ್ಣುಗುಂಡಿಯಿಂದ ಕಾಫಿ ತೋಟದ ನಡುವೆ ಜೀಪು ಹೋಗುತ್ತದೆ, ಸ್ವಂತ ಕಾರು ಆ ದಾರಿಗೆ ಲಾಯಕ್ಕಲ್ಲ. ಕಲ್ಲು, ಗುಂಡಿ, ಕೊರಕಲು ದಾಟುವಾಗ ಕುಳಿತವರ ಸೊಂಟ ಅಲುಗಾಡುತ್ತದೆ. ಜೀಪು ನಿಂತ ಮೇಲೂ ತೊರೆಗಳನ್ನು ದಾಟಿ ನಡೆಯಬೇಕು. ನೀರಿನೊಳಗಿನ ಕಲ್ಲು ಪಾಚಿಗಟ್ಟಿರುತ್ತದೆ. ಮಳೆಗಾಲ ಮುಗಿದು ಕೆಲವು ವಾರವಾದರೂ ನೆರಳಿನ ತರಗೆಲೆಯಲ್ಲಿ ಇಂಬಳ ಕಾದಿರುತ್ತವೆ. ಮಲೆನಾಡಿನವರು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿ ನಡೆಯುವುದು ಸುಮ್ಮನೆ ಅಲ್ಲ. ಕಚ್ಚಿದ ಇಂಬಳವನ್ನು ಎಳೆದು ಕೀಳದೆ ಉಪ್ಪು ಮುಟ್ಟಿಸಿದರೆ ತಾನಾಗಿ ಬಿಡುತ್ತದೆ ಎಂದು ಮಕ್ಕಳಿಗೆ ಮುಂಚೆಯೇ ಹೇಳಿಟ್ಟರೆ ಅರ್ಧ ಚೀರಾಟ ತಪ್ಪುತ್ತದೆ.

ಹಾಗಾಗಿ ಹೆಬ್ಬೆಗೆ ಮನೆಯವರೆಲ್ಲ ಹೋಗಲೇಬೇಕೆಂಬ ಹಟ ಬೇಡ. ಕಾಲು ಗಟ್ಟಿ ಇರುವವರು ಜೀಪು ಹತ್ತಲಿ, ಉಳಿದವರು ಕಲ್ಲತ್ತಿಗಿರಿಗೆ ಹೋಗಲಿ. ಅಲ್ಲಿ ವೀರಭದ್ರಸ್ವಾಮಿ ದೇವಸ್ಥಾನದ ಪಕ್ಕದಲ್ಲೇ ನೀರು ಧುಮುಕುತ್ತದೆ, ಕಲ್ಲಿನ ಆನೆಗಳ ಹತ್ತಿರ ನಿಂತೇ ನೋಡಬಹುದು. ಬಹಳ ನಡೆಯುವ ಹಂಗಿಲ್ಲ. ಸಂಜೆ ಎರಡೂ ಗುಂಪು ಸೇರಿದಾಗ ಹೇಳಿಕೊಳ್ಳಲು ಇಬ್ಬರ ಹತ್ತಿರವೂ ಕಥೆ ಇರುತ್ತದೆ.

ಕೆಮ್ಮಣ್ಣುಗುಂಡಿಗೆ ಇಡೀ ದಿನ ಕೊಡಬೇಕು. ಸಮುದ್ರ ಮಟ್ಟದಿಂದ 1,434 ಮೀಟರ್ ಎತ್ತರದ ಈ ಗಿರಿಧಾಮಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿದೆ. ಗುಲಾಬಿ ತೋಟ, ಅತಿಥಿಗೃಹ ಎಲ್ಲವೂ ತೋಟಗಾರಿಕೆ ಇಲಾಖೆಯವು. ಆದರೆ ಬಹುತೇಕರು ಹೂವಿನ ಮುಂದೆ ಫೋಟೊ ತೆಗೆಸಿಕೊಂಡು, ಝಡ್ ಪಾಯಿಂಟಿಗೆ ಏದುಸಿರು ಬಿಡುತ್ತ ಓಡಿ, ವಾಪಸು ಬಂದುಬಿಡುತ್ತಾರೆ. ಕಾಲಡಿಯ ಕೆಂಪು ಮಣ್ಣಿನ ಕಥೆ ಅವರಿಗೆ ಯಾರೂ ಹೇಳುವುದಿಲ್ಲ. ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದಕ್ಕೆ ಅದಿರು ಕೊಟ್ಟದ್ದು ಇದೇ ಬೆಟ್ಟ. ಅದಿರನ್ನು ರೋಪ್‌ವೇಯಲ್ಲಿ ಕೆಳಗಿಳಿಸಿ ರೈಲಿನಲ್ಲಿ ಸಾಗಿಸುತ್ತಿದ್ದರು. ಕಲ್ಲಿದ್ದಲು ಹತ್ತಿರವಿಲ್ಲದ ಕಾರಣ ಸುತ್ತಲ ಕಾಡಿನ ಕಟ್ಟಿಗೆಯನ್ನೇ ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಆ ಕಾರ್ಖಾನೆಯ ಹಿಂದಿದ್ದ ವಿಶ್ವೇಶ್ವರಯ್ಯನವರ ಹೆಸರನ್ನು ಪಾಠದಲ್ಲಿ ಓದಿದ ಹತ್ತು ವರ್ಷದ ಹುಡುಗಿಗೆ ಈ ಗುಡ್ಡದ ಮೇಲೆ ಆ ಪಾಠ ಕೈಗೆ ಸಿಗುತ್ತದೆ. ಒಂದು ಫಲಕ, ಒಂದು ಹಳೆಯ ಅದಿರಿನ ತೊಟ್ಟಿ, ನಾಲ್ಕು ಚಿತ್ರ ಇಟ್ಟರೆ ಸಾಕು.

ಗಣಿಯ ನೆನಪನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದಕ್ಕೆ ಮೆಕ್ಸಿಕೊದ ಗ್ವಾನಾಹ್ವಾತೊ ಒಳ್ಳೆಯ ಉದಾಹರಣೆ. ಸ್ಪೇನಿನವರ ಆಳ್ವಿಕೆಯಲ್ಲಿ ಬೆಳ್ಳಿಯ ಮೇಲೆ ಎದ್ದ ಊರು ಅದು. ಹದಿನೆಂಟನೇ ಶತಮಾನದಲ್ಲಿ ಜಗತ್ತಿನ ದೊಡ್ಡ ಬೆಳ್ಳಿ ಗಣಿಗಳ ಕೇಂದ್ರವಾಗಿತ್ತು. 1988ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ಚರ್ಚು, ಅರಮನೆಗಳ ಜತೆ ಗಣಿಗಳೂ ಸೇರಿದವು. ಹಳೆಯ ನದಿಪಾತ್ರವನ್ನೇ ಸುರಂಗರಸ್ತೆ ಮಾಡಿ ವಾಹನಗಳಲ್ಲಿ ಬಹುಪಾಲನ್ನು ನೆಲದಡಿಗೆ ಕಳಿಸಿದ್ದರಿಂದ ಮೇಲಿನ ಓಣಿಗಳು ನಡೆಯುವವರ ಪಾಲಿಗೆ ಉಳಿದಿವೆ. ಸಂಜೆ ಚೌಕದಲ್ಲಿ ಊರಿನವರೂ ಪ್ರವಾಸಿಗರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. 2001ರಲ್ಲಿ ಮೆಕ್ಸಿಕೊ ಸರ್ಕಾರ ‘ಪ್ವೆಬ್ಲೋಸ್ ಮಾಹಿಕೋಸ್’ ಎಂಬ ಯೋಜನೆ ತಂದು ಸಮುದ್ರ ತೀರಕ್ಕಷ್ಟೇ ಮುಗಿಬೀಳುತ್ತಿದ್ದ ಜನರನ್ನು ಒಳನಾಡಿನ ಸಣ್ಣ ಊರುಗಳಿಗೂ ಕರೆಯಿತು. ಅಲ್ಲಿಗೆ ಹೋಗುವ ಕುಟುಂಬ ಊರಿನಲ್ಲೇ ತಂಗುತ್ತದೆ, ಊರಿನ ಅಂಗಡಿಯಲ್ಲೇ ಉಣ್ಣುತ್ತದೆ. ತರೀಕೆರೆ, ಬೀರೂರಿನ ಪಾಲಿಗೆ ಬೆಟ್ಟಕ್ಕೆ ಹೋಗುವ ವಾಹನಗಳ ಧೂಳು ಬಿಟ್ಟರೆ ಬರುವುದು ಕಡಿಮೆ.

ತಂಗಿದವರಿಗೆ ಇಲ್ಲಿ ನೋಡಲು ಏನಿದೆ ಎಂದು ಕೇಳುವವರಿಗೆ ಅಮೃತಾಪುರವೇ ಉತ್ತರ. ತರೀಕೆರೆಗೆ ಹತ್ತಿರದ ಈ ಹಳ್ಳಿಯ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ತೆರೆದ ಮಂಟಪದ ಹೊರಗೋಡೆಯ ಮೇಲೆ ಮಕ್ಕಳ ಕಣ್ಣಳತೆಗೆ ನಿಲುಕುವ ಕಲ್ಲಿನ ಚಿತ್ರಪಟ್ಟಿಗಳಿವೆ, ಒಟ್ಟು 140. ದಕ್ಷಿಣದ ಗೋಡೆಯ ಎಪ್ಪತ್ತರಲ್ಲಿ ರಾಮಾಯಣ. ವಿಶೇಷವೆಂದರೆ ಈ ಕಥೆ ಪ್ರದಕ್ಷಿಣೆಗೆ ಎದುರಾಗಿ ಸಾಗುತ್ತದೆ. ಉತ್ತರದ ಕಡೆ ಇಪ್ಪತ್ತೈದು ಪಟ್ಟಿಗಳಲ್ಲಿ ಕೃಷ್ಣನ ಕಥೆ, ಉಳಿದ ನಲವತ್ತೈದರಲ್ಲಿ ಮಹಾಭಾರತ, ಅವೆಲ್ಲ ವಾಡಿಕೆಯಂತೆ ಬಲದಿಕ್ಕಿಗೆ. ಮೊಮ್ಮಗ ಬೆರಳಿಟ್ಟು ‘ಇದು ಯಾರು’ ಎನ್ನಬೇಕು, ಅಜ್ಜಿ ಹೇಳಬೇಕು. ಹೀಗೆ ಒಂದು ಬೆಳಗು ಪೂರ್ತಿ ಕಳೆಯುತ್ತದೆ, ಯಾರಿಗೂ ಆಯಾಸವಾಗುವುದಿಲ್ಲ. ಶಿಲ್ಪಿ ಮಲ್ಲಿತಮ್ಮ ಕೆಲಸ ಶುರುಮಾಡಿದ್ದು ಇಲ್ಲಿನ ಛಾವಣಿಗಳಲ್ಲೇ. ಅದನ್ನು ನೋಡಲು ಕತ್ತು ನೋಯುವವರಿಗೆ ಒಂದು ಚಾಪೆ ಹಾಸಿ ಕೂರಿಸಿದರೆ ಸಾಕು.

ಮೂರನೇ ದಿನ ಬಯಲಿಗೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಅಮೃತ್ ಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು ಸುಲ್ತಾನ್. ಫಿರಂಗಿ ಎಳೆದು ಸೈನ್ಯದ ಜತೆ ಓಡಿದ ತಳಿ ಅದು. ಅದರ ಸಂವರ್ಧನೆಯ ಕೇಂದ್ರ ಇರುವುದು ಅಜ್ಜಂಪುರದಲ್ಲಿ. ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾಗುವ ಕೊಂಬು, ಬೂದು ಮೈ, ಅಪರಿಚಿತರನ್ನು ಕಂಡರೆ ಕಿವಿ ನಿಗುರಿಸುವ ಸ್ವಭಾವ. ಪುಸ್ತಕದ ಹಸು ಬಿಟ್ಟು ಬೇರೆ ಹಸು ಕಾಣದ ಮಕ್ಕಳಿಗೆ ಇದನ್ನು ದೂರದಿಂದ ತೋರಿಸಿದರೂ ಆಯಿತು, ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಕೇಳಬೇಕು. ಕಡೂರು ಕಡೆಯ ಬಾಸೂರು ಕಾವಲಿನಲ್ಲಿ ಹುಲ್ಲುಗಾವಲಿನ ಕೃಷ್ಣಮೃಗಗಳಿವೆ. ಸಂಜೆಗೆ ಅಯ್ಯನಕೆರೆಯ ಏರಿ, ಇಲ್ಲವೇ ಕೆಂಚಮ್ಮನ ಜನಪದ ಕಥೆಯ ಮದಗದ ಕೆರೆ. ಯಾವುದಕ್ಕೂ ಟಿಕೆಟ್ ಸಾಲಿನಲ್ಲಿ ನಿಲ್ಲಬೇಕಿಲ್ಲ.

ಹೋಗುವ ಕಾಲವನ್ನೂ ಯೋಚಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟದ ಮಳೆ ಮಕ್ಕಳಿಗೂ ಮುದುಕರಿಗೂ ಅಲ್ಲ. ನವೆಂಬರ್‌ನಿಂದ ಫೆಬ್ರವರಿ ನೀರೂ ಇರುವ, ದಾರಿಯೂ ಒಣಗಿರುವ ಕಾಲ. ತೋಟಗಳಲ್ಲಿ ಕಾಫಿ ಕೊಯ್ಲು ಕಾಣುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಹೂವು ಅರಳುವುದು ಚೆಂದ, ಆದರೆ ಆಗ ಜಲಪಾತ ಸೊರಗಿರುತ್ತದೆ, ಕಾಳ್ಗಿಚ್ಚಿನ ಭಯವೂ ಇರುತ್ತದೆ.

‘ಮೂರು ರಾತ್ರಿಗೆ ರಜೆ ಎಲ್ಲಿದೆ, ದುಡ್ಡೆಲ್ಲಿದೆ’ ಎಂಬ ಮಾತು ಬರುತ್ತದೆ. ನ್ಯಾಯವಾದ ಮಾತೇ. ಆದರೆ ಎರಡು ರಾತ್ರಿಯಿದ್ದರೆ ಎರಡೇ ಜಾಗ ನೋಡಿದರಾಯಿತು, ಏಳು ಬೇಡ. ರೈಲಿನ ಟಿಕೆಟ್ಟು, ತಾಲ್ಲೂಕು ಕೇಂದ್ರದ ಸಾಧಾರಣ ಲಾಡ್ಜು, ಒಂದು ದಿನದ ಬಾಡಿಗೆ ಕಾರು ಸೇರಿಸಿದರೂ ಬೆಟ್ಟದ ರೆಸಾರ್ಟಿನ ಒಂದು ರಾತ್ರಿಯ ಬಾಡಿಗೆಗಿಂತ ಹಗುರ.

ಇನ್ನೊಂದು ಕಾರಣ ಕಾಡು. ಹೆಬ್ಬೆ ಇರುವುದು ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ. ಈ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಎರಡು ದಶಕದ ಹಿಂದೆ ಮನೆ, ಗದ್ದೆ, ದೇವರ ಕಟ್ಟೆ ಬಿಟ್ಟು ಹೊರಬಂದವು, ಬಹಳಷ್ಟು ಜನ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ಹುಲಿಗಾಗಿ ರೈತರು ಊರನ್ನೇ ಬಿಟ್ಟ ಕಾಡಿನಲ್ಲಿ ವಾರಾಂತ್ಯದ ಜೀಪುಗಳ ಸಾಲು, ಚಿಪ್ಸ್ ಪೊಟ್ಟಣ, ಸ್ಪೀಕರ್ ಗದ್ದಲ ಆ ತ್ಯಾಗಕ್ಕೆ ಮಾಡುವ ಅವಮಾನ. ಮುಳ್ಳಯ್ಯನಗಿರಿಯ ದಾರಿಗೆ ಜಿಲ್ಲಾಡಳಿತ ಮುಂಗಡ ನೋಂದಣಿ ತಂದಿರುವುದು ಸರಿಯಾದ ಹೆಜ್ಜೆ. ಹೆಬ್ಬೆಗೂ ದಿನಕ್ಕಿಷ್ಟೇ ಜೀಪು ಎಂಬ ಕಟ್ಟುನಿಟ್ಟು ಬೇಕು. ದರವನ್ನೂ ಜೀಪು ಹೊರಡುವ ಸಮಯವನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು. ಸಮಯ ಗೊತ್ತಾದರೆ ಬೆಳಗಿನಿಂದ ಕಾಯುವ ಅಜ್ಜಿ ನೆಮ್ಮದಿಯಿಂದ ಕೂರಬಹುದು, ಜೀಪಿನವರಿಗೂ ದಿನದ ದುಡಿಮೆ ಖಾತ್ರಿ.

ಸರ್ಕಾರದಿಂದ ಬೇಕಾದ್ದು ಗಾಜಿನ ಸೇತುವೆಯೂ ಅಲ್ಲ, ಕೇಬಲ್ ಕಾರೂ ಅಲ್ಲ. ತರೀಕೆರೆ, ಬೀರೂರು ನಿಲ್ದಾಣಗಳಲ್ಲಿ ರೈಲು ಬರುವ ವೇಳೆಗೆ ಕೆಮ್ಮಣ್ಣುಗುಂಡಿ ಕಡೆಗೊಂದು, ಅಮೃತಾಪುರ ಕಡೆಗೊಂದು ಮಿನಿ ಬಸ್ಸು ಇರಲಿ. ಅಮೃತಾಪುರದಲ್ಲಿ ಕೂರಲು ನೆರಳು, ಕಲ್ಲತ್ತಿಗಿರಿಯಲ್ಲಿ ಹೆಂಗಸರು ಹಿಂಜರಿಯದೆ ಬಳಸಬಹುದಾದ ಶೌಚಾಲಯ, ಕೆಮ್ಮಣ್ಣುಗುಂಡಿಯ ಹಳೆಯ ಗಣಿಯ ಕಥೆ ಹೇಳುವ ಒಂದು ಚಿಕ್ಕ ಕೋಣೆ ಆಗಲಿ. ತೋಟಗಾರಿಕೆ, ಅರಣ್ಯ, ಪುರಾತತ್ವ, ಸಾರಿಗೆ ಈ ನಾಲ್ಕು ಇಲಾಖೆಗಳು ಒಂದೇ ಮೇಜಿನ ಸುತ್ತ ಕೂತರೆ ಮುಂದಿನ ನವೆಂಬರ್‌ನೊಳಗೆ ಆಗುವ ಕೆಲಸಗಳು ಇವು, ಜಿಲ್ಲಾಧಿಕಾರಿಗಳು ಆ ಸಭೆಯನ್ನು ತರೀಕೆರೆಯಲ್ಲೇ ಕರೆಯಲಿ.