ಸೀರೆಯ ಚೀಟಿಯಲ್ಲಿ ಬರೆಯದ ಮಾತು

ಮದುವೆಯ ಮನೆಗೆ ಅತಿಥಿಯಾಗಿ ಹೋಗುವ ಹೆಂಗಸು ಯಾವ ಸೀರೆಯನ್ನುಟ್ಟು ಹೋಗಬೇಕೆಂಬುದು ನಮ್ಮ ತಾಯಂದಿರ ಕಾಲದಲ್ಲಿ ಬಹಳ ಯೋಚಿಸಬೇಕಾದ ಸಂಗತಿಯಾಗಿರಲಿಲ್ಲ. ಮಂಚದ ಕೆಳಗಣ ಟ್ರಂಕಿನಲ್ಲಿ, ಲಾವಂಚದ ಬೇರಿನ ನಡುವೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಎರಡೋ ಮೂರೋ ರೇಷ್ಮೆಯ ಸೀರೆಗಳಿರುತ್ತಿದ್ದುವು. ಅವುಗಳಲ್ಲೊಂದನ್ನು ಹಿಂದಿನ ದಿನವೇ ಹೊರತೆಗೆದು, ನೆರಳಿನಲ್ಲಿ ಹರವಿ, ಬೆಳಗಾಗುತ್ತಲೇ ಉಟ್ಟುಕೊಂಡು ಹೊರಟರೆ ಸಿದ್ಧತೆ ಮುಗಿಯಿತು. ಹಿಂದಿನ ವರ್ಷದ ಮದುವೆಯಲ್ಲಿಯೂ ಆಕೆ ಅದೇ ಸೀರೆಯನ್ನುಟ್ಟಿದ್ದಳೆಂದು ಯಾರಾದರೂ ನೆನಪಿಟ್ಟುಕೊಂಡಿದ್ದರೆ ಅದು ಆಕೆಯ ಗುರುತಾಗುತ್ತಿತ್ತೇ ಹೊರತು ಕುಂದಾಗುತ್ತಿರಲಿಲ್ಲ. ನನ್ನ ತಾಯಿಯನ್ನು ಬಂಧುವರ್ಗದಲ್ಲಿ ಇಂದಿಗೂ ಅನೇಕರು ಸ್ಮರಿಸುವುದು ಆಕೆಯ ಗಿಣಿಹಸುರಿನ ಮೈಸೂರು ರೇಷ್ಮೆಯ ಸೀರೆಯೊಡನೆಯೇ.

ಈ ಮಾತು ನೆನಪಿಗೆ ಬಂದುದು ನನ್ನ ತಂಗಿಯ ಮಗಳೊಡನೆ ಒಂದು ದಿನವೆಲ್ಲ ಚಿಕ್ಕಪೇಟೆಯಲ್ಲಿ ಅಲೆದ ಮೇಲೆ. ಕಚೇರಿಯಲ್ಲಿ ತನ್ನ ಜೊತೆ ಕೆಲಸ ಮಾಡುವ ಗೆಳತಿಯ ವಿವಾಹಕ್ಕಾಗಿ ಆಕೆ ಧಾರವಾಡಕ್ಕೆ ಹೋಗಬೇಕಾಗಿದೆ. ಆಮಂತ್ರಣದೊಡನೆ, ಅರಿಶಿನದ ದಿನ ಬರುವವರೆಲ್ಲರೂ ಹಳದಿಯನ್ನೇ ಉಡಬೇಕೆಂಬ ಸೂಚನೆಯೂ ಬಂದಿತ್ತು. ಆರತಕ್ಷತೆಗೆ ಇನ್ನೊಂದು, ಮುಹೂರ್ತಕ್ಕೆ ಮತ್ತೊಂದು, ಹೀಗೆ ಮೂರು ಉಡುಪುಗಳಿಗಾಗಿ 9,000 ರೂಪಾಯಿಗಳನ್ನು ತೆಗೆದಿರಿಸಿಕೊಂಡು, "ದೊಡ್ಡಮ್ಮ, ನೀವು ಜೊತೆಗಿದ್ದರೆ ನಾನು ಮೋಸ ಹೋಗುವುದಿಲ್ಲ" ಎಂದು ನನ್ನನ್ನು ಕರೆದಳು. ಅತಿಥಿಗಳಿಗೆ ಬಣ್ಣವನ್ನು ವಿಧಿಸುವ ಈ ಪದ್ಧತಿಯು ನನಗೆ ಸ್ವಲ್ಪವೂ ಒಪ್ಪಿಗೆಯಾಗದು. ಒಂದು ಮಧ್ಯಾಹ್ನದ ಛಾಯಾಚಿತ್ರಗಳಿಗಾಗಿ ನೂರು ಜನ ನೂರು ಹಳದಿ ಬಟ್ಟೆಗಳನ್ನು ಕೊಂಡು, ಮರುದಿನದಿಂದ ಅವನ್ನು ಮುಟ್ಟದೆ ಬಿಡುವುದಾದರೆ, ಕರೆದವರ ಸಂತೋಷದ ಭಾರವನ್ನು ಬಂದವರ ಕೈಚೀಲವು ಹೊತ್ತಂತಾಯಿತು. ಅದನ್ನು ಅವಳಿಗೆ ಹೇಳಿದೆ, ಅವಳೂ ಅಲ್ಲಗಳೆಯಲಿಲ್ಲ.

ಶನಿವಾರ ಬೆಳಗ್ಗೆ ಜಯನಗರದಿಂದ ಮೆಟ್ರೊ ಹಿಡಿದು ಚಿಕ್ಕಪೇಟೆಯ ನಿಲ್ದಾಣದಲ್ಲಿ ಇಳಿದೆವು. 1537ರಲ್ಲಿ ಕೆಂಪೇಗೌಡರು ನಿರ್ಮಿಸಿದರೆಂದು ಪ್ರಸಿದ್ಧವಾದ ಆ ಹಳೆಯ ಪಟ್ಟಣದ ಬೀದಿಗಳು ಇಂದಿಗೂ ಒಂದೊಂದು ಕಸುಬಿನ ನೆನಪನ್ನು ತಮ್ಮ ಹೆಸರಿನಲ್ಲಿಯೇ ಹೊತ್ತುಕೊಂಡಿವೆ: ಬಳೆಪೇಟೆ, ಅರಳೆಪೇಟೆ, ಅಕ್ಕಿಪೇಟೆ. ಅಲ್ಲಿಗೆ ಸಮೀಪದ ಕಬ್ಬನ್‌ಪೇಟೆಯ ಓಣಿಗಳಲ್ಲಿ ಮಗ್ಗದ ಸದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ನೆಯ್ದವನ ಮನೆಯೂ ಮಾರುವವನ ಅಂಗಡಿಯೂ ಕೂಗಳತೆಯಲ್ಲಿದ್ದ ಕಾಲವದು. ಯಾರು ನೆಯ್ದುದೆಂದು ಕೊಳ್ಳುವವಳು ಕೇಳಬೇಕಾಗಿಯೇ ಇರಲಿಲ್ಲ.

ಮೊದಲು ಹೊಕ್ಕುದು ಮೂರು ಅಂತಸ್ತಿನ ದೊಡ್ಡದೊಂದು ಅಂಗಡಿಯನ್ನು. ಬಿಳಿಯ ಹಾಸಿನ ಗಾದಿಯ ಮೇಲೆ ನಮ್ಮನ್ನು ಕೂರಿಸಿ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನು, "ಏನು ತೋರಿಸಲಿ ಅಮ್ಮಾ, ಬಜೆಟ್ ಎಷ್ಟು ಅಕ್ಕಾ?" ಎಂದು ಕೇಳುತ್ತಲೇ ಒಂದರ ಮೇಲೊಂದರಂತೆ ಸೀರೆಗಳನ್ನು ಬಿಚ್ಚಿ ಹರಡತೊಡಗಿದನು. ಸಾಫ್ಟ್ ಸಿಲ್ಕು, ಸೆಮಿ ಸಿಲ್ಕು, ಕಂಚಿ ಬಾರ್ಡರು, ಇಳಕಲ್ ಟೈಪು ಎಂದು ಅವನು ಹೇಳುತ್ತ ಹೋದ ಹೆಸರುಗಳಲ್ಲಿ ಪ್ರತಿಯೊಂದೂ ಯಾವುದೋ ಒಂದು ಊರನ್ನೋ ನೂಲನ್ನೋ ನೆನಪಿಗೆ ತರುತ್ತಿತ್ತಾದರೂ, ಆ ಊರಿನದೇ, ಆ ನೂಲಿನದೇ ಎಂದು ಯಾವುದೂ ಒಪ್ಪಿಕೊಳ್ಳುತ್ತಿರಲಿಲ್ಲ. ಧಾರವಾಡದ ಮದುವೆಗೆ ಇಳಕಲ್ಲಿನ ಸೀರೆಯೇ ಸೊಗಸೆಂದು ನಿಶ್ಚಯಿಸಿದ್ದ ನಮ್ಮ ಹುಡುಗಿ ದಾಳಿಂಬೆಯ ಬಣ್ಣದ್ದೊಂದನ್ನು ಎತ್ತಿಕೊಂಡಳು. ಬೆಲೆ 850 ರೂಪಾಯಿ. ಇದು ಕೈಮಗ್ಗದ್ದೇನಪ್ಪ ಎಂದು ನಾನು ಕೇಳಿದೆ. "ಎಲ್ಲಾ ಹ್ಯಾಂಡ್‌ಲೂಮೇ ಅಮ್ಮಾ" ಎಂದನು. ಅಂಚಿನಲ್ಲಿ ಕಟ್ಟಿದ್ದ ಚೀಟಿಯನ್ನು ತಿರುಗಿಸಿ ನೋಡಿದೆ: ಒಂದು ಸಂಖ್ಯೆ, ಒಂದಿಷ್ಟು ಗೆರೆಗಳು, ಬೆಲೆ, ಇಷ್ಟಲ್ಲದೆ ಬೇರೊಂದು ಅಕ್ಷರವಿರಲಿಲ್ಲ.

ಇಳಕಲ್ಲಿನ ಕೈಮಗ್ಗದ ಸೀರೆಯನ್ನು ಬಲ್ಲವರಿಗೆ ಅದರ ಸೆರಗೇ ಸಾಕ್ಷಿ. ಆ ಸೀರೆಯ ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು. ಸೆರಗಿನ ಹಾಸು ಕೆಂಪು ರೇಷ್ಮೆಯದು. ಈ ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸೇರಿಸಿ, ಒಂದರ ಕುಣಿಕೆಯಲ್ಲಿ ಮತ್ತೊಂದನ್ನು ತೂರಿಸಿ ಕೂಡಿಸುವ ಕ್ರಮಕ್ಕೆ ಅಲ್ಲಿಯವರು ಕೊಂಡಿ ಎನ್ನುತ್ತಾರೆ. ಹೀಗೆ ಕೂಡಿಸಬೇಕಾಗಿರುವುದರಿಂದಲೇ ನೇಕಾರನು ಹತ್ತಾರು ಸೀರೆಗಳಿಗಾಗುವಷ್ಟು ಹಾಸನ್ನು ಒಮ್ಮೆಗೇ ಮಗ್ಗಕ್ಕೇರಿಸಿ ನಿಶ್ಚಿಂತನಾಗಿ ನೆಯ್ಯಲಾರನು. ಒಂದೊಂದು ಸೀರೆಗೂ ಆರು ಗಜವೋ ಎಂಟು ಗಜವೋ ಒಂಬತ್ತು ಗಜವೋ, ಅದರ ಅಳತೆಗೆ ತಕ್ಕ ಹಾಸನ್ನು ಬೇರೆಬೇರೆಯಾಗಿಯೇ ಸಿದ್ಧಪಡಿಸಬೇಕು. ಆ ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳಂತೆ ಏಳುವ ತೋಪುತೆನೆಯನ್ನೂ, ಬಾಚಣಿಗೆಯ ಹಲ್ಲನ್ನು ಹೋಲುವ ಹಣಿಗೆಯನ್ನೂ ಎರಡು ಪಕ್ಕಗಳಿಂದಲೂ ಲಾಳಿಯನ್ನು ತೂರಿ, ಒಂದು ಬಣ್ಣವನ್ನು ಇನ್ನೊಂದರೊಳಗೆ ಬಂಧಿಸಿ ಮೂಡಿಸುತ್ತಾರೆ. ಒಡಲೂ ಸೆರಗೂ ಸಂಧಿಸುವ ಆ ಗೆರೆಯ ಮೇಲೆ ಬೆರಳಾಡಿಸಿದರೆ ಕಿರಿದಾದ ಉಬ್ಬೊಂದು ತಗಲುತ್ತದೆ. ನನಗಂತೂ ಸೀರೆಯಲ್ಲಿ ಅದಕ್ಕಿಂತ ಪ್ರಿಯವಾದ ಭಾಗವಿಲ್ಲ.

ಆ ಹುಡುಗನು ತೋರಿಸಿದ ಸೀರೆಯಲ್ಲಿ ಕೊಂಡಿಯ ಉಬ್ಬೂ ಇರಲಿಲ್ಲ, ಮಗ್ಗದ ಮೇಲೆ ಬಟ್ಟೆಯ ಅಗಲವನ್ನು ಬಿಗಿಹಿಡಿಯುವ ಕಡ್ಡಿಯ ಮೊಳೆಗಳು ಅಂಚಿನುದ್ದಕ್ಕೂ ಉಳಿಸುವ ಸಣ್ಣ ರಂಧ್ರಗಳೂ ಕಾಣಲಿಲ್ಲ. ಹಾಗೆಂದು ಆ ಹುಡುಗನನ್ನು ನಾನು ದೂಷಿಸಲಾರೆ. ಬೆಳಗಿನಿಂದ ರಾತ್ರಿಯವರೆಗೆ ನಿಂತು, ಸಾವಿರ ಸಲ ಬಿಚ್ಚಿ, ಸಾವಿರ ಸಲ ಮಡಿಚುವ ಅವನಿಗೆ ಯಾರೂ ಅದನ್ನು ಕಲಿಸಿಲ್ಲ. ಹೇಳೆಂದು ಹೇಳಿದ್ದನ್ನು ಅವನು ಹೇಳಿದನು. ತಪ್ಪು, ಕೊಳ್ಳುವವಳಿಗೆ ಸತ್ಯವನ್ನು ತಿಳಿಸದೆಯೇ ನಡೆದುಹೋಗಬಹುದಾದ ವ್ಯವಹಾರದ ಏರ್ಪಾಟಿನದು. ನಾವು ಎದ್ದು ಬಂದೆವು.

ಕಾನೂನಿಲ್ಲವೆಂದಲ್ಲ. ಕೈಮಗ್ಗದ ಪದಾರ್ಥಗಳನ್ನು ವಿದ್ಯುತ್ ಮಗ್ಗದ ಪೈಪೋಟಿಯಿಂದ ಕಾಪಾಡುವ ಉದ್ದೇಶದಿಂದ ಸಂಸತ್ತು 1985ರಲ್ಲಿಯೇ ಅಧಿನಿಯಮವೊಂದನ್ನು ರಚಿಸಿತು. ಅದನ್ನು ಪ್ರಶ್ನಿಸಿ ಹೋದವರ ವಾದವನ್ನು ಕೇಳಿ, 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಸಿಂಧುತ್ವವನ್ನು ಎತ್ತಿಹಿಡಿಯಿತು. ಮೊದಲು 22 ಬಗೆಯ ಪದಾರ್ಥಗಳು ಕೈಮಗ್ಗಕ್ಕೆಂದು ಮೀಸಲಾಗಿದ್ದುವು. ಆ ಪಟ್ಟಿಯು ಕ್ರಮೇಣ ಕುಗ್ಗಿ 11ಕ್ಕೆ ಇಳಿಯಿತು. ಆ ಹನ್ನೊಂದರಲ್ಲಿ ಕುಸುರಿಯ ನೇಯ್ಗೆಯ ಅಂಚುಳ್ಳ ಹತ್ತಿಯ, ರೇಷ್ಮೆಯ ಸೀರೆಗಳು ಇಂದಿಗೂ ಉಳಿದಿವೆ. ಇಳಕಲ್ಲಿನ ಸೀರೆಗೂ ಮೊಳಕಾಲ್ಮೂರಿನ ಸೀರೆಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆದರೆ ಆ ಮಾನ್ಯತೆ ದಫ್ತರಿನಲ್ಲಿರುವುದೇ ಹೊರತು, ಗಾದಿಯ ಮೇಲೆ ಕುಳಿತ ಹೆಣ್ಣುಮಗಳ ಕೈಗೆ ಬರುವ ಚೀಟಿಯಲ್ಲಿಲ್ಲ. 2019–20ರ ಕೈಮಗ್ಗ ಗಣತಿಯು ಈ ದೇಶದಲ್ಲಿ 35 ಲಕ್ಷಕ್ಕೂ ಮಿಕ್ಕ ಜನ ಈ ವೃತ್ತಿಯಲ್ಲಿರುವರೆಂದು ಎಣಿಸಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ನೇಕಾರರ ಮನೆಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲಿನವರ ತಿಂಗಳ ವರಮಾನ 5,000 ರೂಪಾಯಿಗಿಂತ ಕಡಮೆ. ಒಂದು ಮದುವೆಗೆ ಅತಿಥಿಯಾಗಿ ಹೋಗಲು ನಮ್ಮ ಹುಡುಗಿ ತೆಗೆದಿರಿಸಿಕೊಂಡಿದ್ದ ಹಣವನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನ್ನ ಮನಸ್ಸು ಬಹಳ ನೊಂದಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಆಕೆ ನನ್ನನ್ನು ನೇರವಾಗಿಯೇ ಕೇಳಿದಳು: "ಹಾಗಾದರೆ ಅಜ್ಜಿಯ ಮೈಸೂರು ಸಿಲ್ಕ್ ಕೈಮಗ್ಗದ್ದಾ, ದೊಡ್ಡಮ್ಮ?" ಅಲ್ಲ. ಅದೂ ಯಂತ್ರದ ಮಗ್ಗದಲ್ಲಿ ನೆಯ್ದುದೇ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ, ಆ ಸೀರೆಗಳನ್ನು ನೆಯ್ಯುವ ಕಾರ್ಖಾನೆಗೆ ಹೊರದೇಶದಿಂದ ಮಗ್ಗಗಳನ್ನು ತರಿಸಲಾಯಿತು. ಆದರೆ ಅದನ್ನು ಯಾರೂ ಎಂದೂ ಮರೆಮಾಚಲಿಲ್ಲ. ಸೀರೆಯ ಮೇಲೆ ಅದರದೇ ಸಂಖ್ಯೆಯಿರುತ್ತದೆ, ರೇಷ್ಮೆಯೂ ಜರಿಯೂ ಎಂತಹವೆಂಬುದನ್ನು ಮಾರುವವರೇ ಹೇಳುತ್ತಾರೆ, ಕೊಳ್ಳುವವರು ತಿಳಿದೇ ಕೊಳ್ಳುತ್ತಾರೆ. ನನ್ನ ವಿರೋಧವಿರುವುದು ಯಂತ್ರದ ಮೇಲಲ್ಲ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳನ್ನೇ ನಂಬಿ ಬದುಕುವ ಕುಟುಂಬಗಳೆಷ್ಟೋ ಇವೆ, ಅವರದೂ ಬೆವರಿನ ಅನ್ನವೇ. 850 ರೂಪಾಯಿಗಿಂತ ಹೆಚ್ಚು ಕೊಡಲಾರದವಳಿಗೂ ಮದುವೆಗೆ ಹೊಸ ಸೀರೆಯುಡುವ ಆಸೆ ಸಹಜವೇ ಆಗಿದೆ. ಒಬ್ಬರು ದಿನಗಟ್ಟಲೆ ಕುಳಿತು ಕೂಡಿಸಿದ ಎಳೆಗಳ ಕೀರ್ತಿಯನ್ನು ಗಳಿಗೆಯಲ್ಲಿ ಹರಿದುಬಂದ ಬಟ್ಟೆಗೆ ತೊಡಿಸಿ ಮಾರುವುದನ್ನೇ ನಾನು ಅನ್ಯಾಯವೆನ್ನುವುದು.

ಆದಕಾರಣ ಸರ್ಕಾರವು ಮಾಡಬೇಕಾದುದು ಬಲು ಸಣ್ಣ ಕೆಲಸ. ಸೀರೆಯ ಚೀಟಿಯಲ್ಲಿ ಬೆಲೆಯ ಪಕ್ಕದಲ್ಲಿಯೇ ಮೂರು ಮಾತುಗಳು ಕನ್ನಡದಲ್ಲಿ ಇರತಕ್ಕದ್ದು: ನೂಲು ಯಾವುದು, ಮಗ್ಗ ಯಾವುದು, ಊರು ಯಾವುದು. ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್ ಎಂಬ ಗುರುತು 2004ರಿಂದ ಬಳಕೆಯಲ್ಲಿದೆ, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ 2006ರಲ್ಲಿ ಬಂದಿತು. ಆದರೆ ಇಷ್ಟವುಳ್ಳವರು ಮಾತ್ರ ಅಂಟಿಸುವ ಗುರುತು, ಅಂಟಿಸದವರ ಮೌನವನ್ನು ಪ್ರಶ್ನಿಸಲಾರದು. ಔಷಧಿಯ ಪೊಟ್ಟಣದಲ್ಲಿ ಏನಿದೆಯೆಂದು ಬರೆಯದಿದ್ದರೆ ನಾವು ಸಹಿಸುವೆವೇ? ಸಾವಿರಾರು ರೂಪಾಯಿ ತೆತ್ತು, ಮೈಮೇಲೆ ಧರಿಸಿ, ಮಕ್ಕಳಿಗೆ ಬಿಟ್ಟುಹೋಗುವ ವಸ್ತುವಿನ ವಿಷಯದಲ್ಲಿ ಮಾತ್ರ ಏತಕ್ಕೆ ಸಹಿಸಬೇಕು?

ಸಂಜೆಯ ಹೊತ್ತಿಗೆ, ಇಕ್ಕಟ್ಟಾದ ಮೆಟ್ಟಿಲುಗಳನ್ನೇರಿ ಮಹಡಿಯ ಮೇಲಿನ ಸಣ್ಣದೊಂದು ಅಂಗಡಿಗೆ ಹೋದೆವು. ಬಾಗಿಲಲ್ಲಿ ಹೆಸರಿನ ಹಲಗೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಎಪ್ಪತ್ತರ ಸಮೀಪದ ಹಿರಿಯರೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಏನೋ ಲೆಕ್ಕ ಬರೆಯುತ್ತಿದ್ದರು. ಕೈಮಗ್ಗದ್ದು ಬೇಕೆಂದು ನಾನು ಬಾಯಿಬಿಡುವುದಕ್ಕೆ ಮೊದಲೇ ಅವರು, "ಕೈಲೆ ನೇಯ್ದದ್ದು ಬೇಕೇನವ್ವಾ, ಮಷಿನ್ನಿಂದು ಬೇಕೇನ? ಎರಡೂ ಅದಾವ, ರೇಟು ಬ್ಯಾರೆ ಬ್ಯಾರೆ" ಎಂದರು. ಇಡೀ ದಿನದಲ್ಲಿ ಆ ಪ್ರಶ್ನೆಯನ್ನು ಮಾರುವವರೇ ನಮಗೆ ಕೇಳಿದುದು ಅದೊಂದೇ ಸಲ. ಗಾಢವಾದ ಹಸುರು ಒಡಲಿನ, ಚಿಕ್ಕಿಪರಸ್ ಅಂಚಿನ ಸೀರೆಯೊಂದನ್ನು ತೆಗೆದು, ಸೆರಗನ್ನು ಬೆಳಕಿಗೆ ಹಿಡಿದು, ನಮ್ಮ ಹುಡುಗಿಯ ಬೆರಳನ್ನು ತಾವೇ ಕೊಂಡಿಯ ಮೇಲಿರಿಸಿದರು. "ಇದು ತಗಲ್ತಾದಿಲ್ಲ? ಇದು ಇಲ್ಲಂದ್ರ ಇಳಕಲ್ಲಲ್ಲ." ಆಕೆ ಬಹಳ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಬೆಲೆ 4,600 ರೂಪಾಯಿ. ಇದನ್ನು ಕೊಂಡರೆ ಮೂರು ಉಡುಪುಗಳ ಮಾತು ಮುಗಿಯಿತೆಂಬುದು ಅವಳಿಗೂ ಗೊತ್ತಿತ್ತು. ಒಂದು ನಿಮಿಷ ಸುಮ್ಮನಿದ್ದು, ಅರಿಶಿನದ ದಿನಕ್ಕೆ ಮನೆಯಲ್ಲಿರುವ ಹಳದಿಯ ಹತ್ತಿ ಸೀರೆಯೇ ಆಗುತ್ತದೆಂದೂ ಆರತಕ್ಷತೆಗೆ ಅಜ್ಜಿಯ ಗಿಣಿಹಸುರಿನ ಸೀರೆಯನ್ನು ಕೊಡುವಿರಾ ಎಂದೂ ನನ್ನನ್ನು ಕೇಳಿದಳು. ಕುಪ್ಪಸಕ್ಕೆಂದು ಗುಳೇದಗುಡ್ಡದ ಖಣವೊಂದನ್ನೂ ಆರಿಸಿಕೊಂಡೆವು.

ಚೀಟಿಯಲ್ಲಿ ಕೈಮಗ್ಗವೆಂದು ಬರೆದುಕೊಡುವಿರಾ ಎಂದು ಕೇಳಿದಾಗ ಆ ಹಿರಿಯರು ಆಶ್ಚರ್ಯಪಡಲಿಲ್ಲ. ಬಿಲ್ಲಿನ ಬೆನ್ನ ಮೇಲೆ, ದುಂಡಗಿನ ಅಕ್ಷರಗಳಲ್ಲಿ, ಕೈಮಗ್ಗ, ಹತ್ತಿ ರೇಷ್ಮೆ, ಇಳಕಲ್ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿ ಕೊಟ್ಟರು. ಆ ಕಾಗದವನ್ನು ಆಕೆ ತನ್ನ ಪರ್ಸಿನೊಳಗೆ ಭದ್ರವಾಗಿಟ್ಟುಕೊಂಡಳು. ಸೀರೆಯನ್ನು ಫಾಲ್ ಹೊಲಿಯಲು ಕೊಟ್ಟಿದ್ದೇವೆ. ಬುಧವಾರ ಬರುತ್ತದೆ, ಬಂದೊಡನೆ ಆ ಚೀಟಿಯನ್ನು ಅದರ ಮಡಿಕೆಯಲ್ಲಿಡುವುದಾಗಿ ಹೇಳಿದ್ದಾಳೆ.