ಶ್ರಾವಣ ಮುಗಿದ ಮೇಲೆ ಜೊತೆಗೆ ಯಾರಿರುತ್ತಾರೆ?

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಕುಡಿತ ಬಿಡುವುದಕ್ಕೂ ಒಂದು ಹಂಗಾಮು ಇದೆ. ಶ್ರಾವಣ ಹಿಡಿಯುತ್ತಿದ್ದಂತೆ ಮಠಗಳಲ್ಲಿ ಪುರಾಣ ಪ್ರವಚನ ಶುರುವಾಗುತ್ತದೆ, ಬಸವನ ಬಾಗೇವಾಡಿ ಮೂಲನಂದೀಶ್ವರ ಜಾತ್ರೆಗೆ ಅಣಿಯಾಗುತ್ತದೆ. ವರ್ಷವಿಡೀ ಕುಡಿಯುವ ಎಷ್ಟೋ ಗಂಡಸರು ಆ ಒಂದು ತಿಂಗಳು ಬಾಟಲಿ ಮುಟ್ಟುವುದಿಲ್ಲ. 'ಈ ಸಲ ಪೂರ್ತಿ ಬಿಟ್ಟಾನ' ಎಂದು ಮನೆಯವರು ಆಸೆಯಿಂದ ಹೇಳಿಕೊಳ್ಳುತ್ತಾರೆ. 'ಎಷ್ಟ ದಿನ ಬಿಡತಾನ ನೋಡೂಣು' ಎಂದು ಓಣಿಯವರು ಕಾಯುತ್ತಾರೆ. ತಿಂಗಳು ತುಂಬಿದ ಮೇಲೆ ಓಣಿಯವರ ಮಾತೇ ನಿಜವಾಗುವುದು ಹೆಚ್ಚು.

ಇದನ್ನು ಮನೋದಾರ್ಢ್ಯದ ಕೊರತೆ ಎಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಬಿಡಬೇಕೆಂಬ ಆಸೆ ಊರೂರಿನಲ್ಲೂ ಇದೆ, ಒಂದಷ್ಟು ದಿನ ಬಿಟ್ಟು ತೋರಿಸುವ ಶಕ್ತಿಯೂ ಇದೆ. ಇಲ್ಲದಿರುವುದು ಬಿಟ್ಟ ಮೇಲಿನ ಸಂಜೆಗಳನ್ನು ಕಳೆಯಲು ಒಂದು ಜಾಗ ಮತ್ತು ಅಲ್ಲಿ ಜೊತೆಗೆ ಕೂರುವ ನಾಲ್ಕು ಜನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕುಡಿತದಿಂದ ಹೊರಬರುತ್ತಿರುವವರಿಗೆ ತುರ್ತಾಗಿ ಬೇಕಿರುವುದು ಇನ್ನೊಂದು ಭಾಷಣವಲ್ಲ, ಇನ್ನೊಂದು ಪ್ರತಿಜ್ಞಾ ಸಮಾರಂಭವೂ ಅಲ್ಲ. ವಾರಕ್ಕೊಮ್ಮೆ, ತಪ್ಪದೆ, ತಮ್ಮ ಪೇಟೆಯಲ್ಲೇ ನಡೆಯುವ ಸಭೆ. ಅದನ್ನು ನಡೆಸುವವರು ತಾವೂ ಕುಡಿದು ಬಿಟ್ಟವರೇ ಆಗಿರಬೇಕು.

ಮೊದಲು ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ಇದು ಜೀವದ ಪ್ರಶ್ನೆ. ಬೆಳಿಗ್ಗೆ ಎದ್ದಕೂಡಲೇ ಕೈ ನಡುಗಿ, ಕುಡಿದ ಮೇಲೆ ಮಾತ್ರ ಸ್ಥಿಮಿತಕ್ಕೆ ಬರುವವರು ಆಣೆ ಮಾಡಿ ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಮೂರ್ಛೆ ಬರಬಹುದು. ಎರಡು ಮೂರು ದಿನಗಳಾಗುವಷ್ಟರಲ್ಲಿ ಕೆಲವರಿಗೆ ಬುದ್ಧಿಭ್ರಮೆ ಹಿಡಿಯುತ್ತದೆ. ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ, ಹಗಲು ರಾತ್ರಿಯ ಪರಿವೆ ತಪ್ಪುತ್ತದೆ, ಮೈ ಬೆವರಿ ಜ್ವರವೇರುತ್ತದೆ. ಮನೆಯವರು ಗಾಳಿ ಸೋಕಿತೆಂದು ತಾಯತ ಕಟ್ಟಿಸಲು ಓಡುವುದೂ ಉಂಟು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವು ಬರಬಹುದು, ಸಕಾಲಕ್ಕೆ ಆಸ್ಪತ್ರೆ ಸೇರಿದರೆ ಬಹುಪಾಲು ಎಲ್ಲರೂ ಉಳಿಯುತ್ತಾರೆ. ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ 'ಕುಡಿತ ಬಿಡಿಸುವ ಪುಡಿ'ಗಳಿಂದಲೂ ಅಪಾಯ ಇದ್ದೇ ಇದೆ. ಆದ್ದರಿಂದ ಮೊದಲ ವಾರ ವೈದ್ಯರದು. ಸಭೆಯ ಕೆಲಸ ಶುರುವಾಗುವುದು ಆಮೇಲೆ, ಮತ್ತು ಅದು ವರ್ಷಗಟ್ಟಲೆ ಮುಂದುವರಿಯಬೇಕು.

ವ್ಯಸನದ ವಿರುದ್ಧ ಜನರ ನಡುವೆ ನಿಂತು ಮಾಡುವ ಕೆಲಸ ಈ ಭಾಗಕ್ಕೆ ಹೊಸದೇನಲ್ಲ. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಹುನಗುಂದ, ಅದರಾಚೆ ಇಳಕಲ್ಲ. ಅಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ 1970ರ ದಶಕದಿಂದ ಜೋಳಿಗೆ ಹಿಡಿದು ಊರೂರು, ಕೇರಿಕೇರಿ ತಿರುಗಿದರು. ಕಾಳುಕಡಿ, ದುಡ್ಡು ಬೇಡಲಿಲ್ಲ. ನಿಮ್ಮ ದುಶ್ಚಟ ಹಾಕಿ ಎಂದರು. ಜನ ಬೀಡಿ ಕಟ್ಟು, ತಂಬಾಕಿನ ಚೀಟಿ, ಸಾರಾಯಿಯ ಸಹವಾಸವನ್ನೆಲ್ಲ ಆ ಜೋಳಿಗೆಗೆ ಹಾಕಿದರು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಮಹಾಂತ ಜೋಳಿಗೆ ಕೋರಿದ್ದು ಉಪದೇಶಕ್ಕೆ ತಲೆಯಾಡಿಸುವುದನ್ನಲ್ಲ, ಹತ್ತು ಜನರ ಎದುರಿಗೆ ಕೈಯಾರೆ ಕೊಟ್ಟುಬಿಡುವುದನ್ನು. ಆ ಶಕ್ತಿ ದೊಡ್ಡದು. ಆದರೆ ಜೋಳಿಗೆ ಮುಂದಿನ ಊರಿಗೆ ಹೋಗುತ್ತದೆ, ಕೊಟ್ಟವನು ತನ್ನ ಊರಲ್ಲೇ ಉಳಿಯುತ್ತಾನೆ. ಅದೇ ಕಟ್ಟೆ, ಅದೇ ಗೆಳೆಯರು, ಅದೇ ಸಂಜೆ ಏಳು ಗಂಟೆ.

ಬಿಟ್ಟ ದಿನಕ್ಕೂ ಆಮೇಲಿನ ಸಂಜೆಗಳಿಗೂ ನಡುವಿನ ಕೊಂಡಿಯನ್ನು ಬೆಸೆಯಲು ಕರ್ನಾಟಕದಲ್ಲೇ ನಡೆದ ದೊಡ್ಡ ಪ್ರಯತ್ನ ಧರ್ಮಸ್ಥಳದ್ದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ಊರ ಸಮುದಾಯ ಭವನ, ಕಲ್ಯಾಣ ಮಂಟಪಗಳಲ್ಲೇ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಯುತ್ತದೆ. ರಾಜ್ಯದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಶಿಬಿರಗಳು ನಡೆದಿವೆ. ಊರವರೇ ವ್ಯವಸ್ಥಾಪನಾ ಸಮಿತಿ ಕಟ್ಟಿ ಊಟ ವಸತಿ ನೋಡಿಕೊಳ್ಳುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಯ ಸದಸ್ಯರಾಗುತ್ತಾರೆ, ನಿಯಮಿತವಾಗಿ ಸೇರುತ್ತಾರೆ, ನೂರು ದಿನ ತುಂಬಿದಾಗ ಶತದಿನೋತ್ಸವ ಮಾಡುತ್ತಾರೆ. ಶಿಬಿರದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಸಮಿತಿಯ ಸಭೆ ಬರುವುದಿಲ್ಲ. ಆದರೆ ಅಸಲಿ ಕೆಲಸ ಆಗುವುದು ಆ ಸುದ್ದಿಯಾಗದ ಸಭೆಯಲ್ಲೇ. ಶಿಬಿರ ನಡೆದ ಊರಿನಲ್ಲಿ ಸಮಿತಿ ಎರಡು ವರ್ಷದ ನಂತರವೂ ಸೇರುತ್ತಿದೆಯೇ ಎಂಬುದನ್ನು ನೋಡಿ ಶಿಬಿರದ ಯಶಸ್ಸನ್ನು ಅಳೆಯಬೇಕು.

ಇಂಥ ಸಭೆಯ ಮೂಲ ತತ್ವ ಹೊಳೆದದ್ದು ಬಹುದೂರದ ಒಂದು ಊರಿನಲ್ಲಿ. 1935ರ ಮೇ ತಿಂಗಳಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದ ಹೋಟೆಲೊಂದರ ಪಡಸಾಲೆಯಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಿ ನಿಂತಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯವಹಾರ ಕೈಕೊಟ್ಟಿತ್ತು. ಒಂದು ಬದಿಗೆ ಬಾರ್, ಗಲಗಲ ಮಾತು. ಇನ್ನೊಂದು ಬದಿಗೆ ಟೆಲಿಫೋನು, ಪಕ್ಕದಲ್ಲಿ ಊರ ಚರ್ಚುಗಳ ಪಟ್ಟಿ. ಅವರು ಫೋನಿನತ್ತ ನಡೆದರು. ಕೇಳಿದ್ದು ವೈದ್ಯರನ್ನಲ್ಲ, ಮಾತಾಡಲು ಇನ್ನೊಬ್ಬ ಕುಡುಕ ಸಿಗುವನೇ ಎಂದು. ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಬಾಬ್ ಕೊನೆಯ ಬಾರಿ ಕುಡಿದ ದಿನ, ಅಂದರೆ 1935ರ ಜೂನ್ 10ನ್ನು, ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕುಡಿತ ಬಿಟ್ಟವರ ಕೂಟ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಭಾರತದಲ್ಲಿ ಅದರ ಸಭೆಗಳು 1957ರಲ್ಲಿ ಮುಂಬೈಯಿಂದ ಶುರುವಾದವು. ಕರ್ನಾಟಕದಲ್ಲೂ ಗುಂಪುಗಳಿವೆ.

ಆಕ್ರನ್ನಿನಲ್ಲಿ ಬಿಲ್ ಬಾಬ್‌ಗೆ ನೆರವಾಗಲು ಹೋದದ್ದು ಅರ್ಧ ಮಾತ್ರ ನಿಜ. ಅವರು ಹೋದದ್ದು ತಾವು ಕುಡಿಯದೇ ಉಳಿಯಲು. ಇನ್ನೊಬ್ಬನಿಗಾಗಿ ಒಂದು ಸಂಜೆ ಕೊಟ್ಟವನು ತನ್ನ ಆ ಸಂಜೆಯನ್ನೂ ಉಳಿಸಿಕೊಳ್ಳುತ್ತಾನೆ. ಹೀಗಾಗಿ ಈ ಕ್ಷೇತ್ರದ ಸ್ವಯಂಸೇವೆಯಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭೇದವಿಲ್ಲ. ಬಿಟ್ಟು ಮೂರು ವರ್ಷವಾದವನಿಗೆ ನಿನ್ನೆ ಬಿಟ್ಟವನು ಬೇಕು, ತಾನು ಎಲ್ಲಿಂದ ಬಂದೆ ಎಂಬುದು ಮರೆಯದಿರಲು.

ಸಭೆ ಹೇಗಿರುತ್ತದೆ? ಶಾಲೆಯ ಒಂದು ಕೋಣೆ, ದುಂಡಗೆ ಹಾಕಿದ ಕುರ್ಚಿ ಅಥವಾ ಹಾಸಿದ ಜಮಖಾನೆ, ಒಂದು ಕೆಟಲ್ ಚಹಾ. ಒಂದು, ಒಂದೂವರೆ ತಾಸು. ಒಬ್ಬೊಬ್ಬರೇ ಹೆಸರು ಹೇಳಿ, ತಾನೊಬ್ಬ ಮದ್ಯವ್ಯಸನಿ ಎಂದು ಹೇಳಿ ಮಾತು ಶುರು ಮಾಡುತ್ತಾರೆ. ಅಡ್ಡಮಾತಿಲ್ಲ, ಸಲಹೆ ಹೇರುವಂತಿಲ್ಲ. ಕೇಳಿದ್ದು ಕೋಣೆಯಲ್ಲೇ ಉಳಿಯಬೇಕು. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ಸೇರಲು ಬೇಕಾದ ಅರ್ಹತೆ ಒಂದೇ: ಕುಡಿತ ನಿಲ್ಲಿಸಬೇಕೆಂಬ ಆಸೆ. ಜನ್ಮಪೂರ್ತಿ ಮುಟ್ಟುವುದಿಲ್ಲ ಎಂದು ಅಲ್ಲಿ ಯಾರೂ ಆಣೆ ಮಾಡಿಸುವುದಿಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ, ಅಷ್ಟೇ. ನಡುವೆ ಎಡವಿದವನು ಮುಂದಿನ ವಾರ ಬಂದರೆ ಅವನಿಗೂ ಚಹಾ ಸಿಗುತ್ತದೆ. ಊರಲ್ಲಿ ಮಾತು ತಪ್ಪಿದವನೆಂದು ನಗೆಪಾಟಲಾದವನು ತಲೆಯೆತ್ತಿ ಕೂರುವ ಇನ್ನೊಂದು ಜಾಗ ನಮ್ಮ ಪೇಟೆಗಳಲ್ಲಿ ಇಲ್ಲ.

ಇದು ಬರೀ ಭಾವನೆಯ ಮಾತಲ್ಲ. 2020ರಲ್ಲಿ ಪ್ರಕಟವಾದ ಕಾಕ್ರನ್ ಸಂಸ್ಥೆಯ ಪರಿಶೀಲನೆ 10,565 ಜನರನ್ನು ಒಳಗೊಂಡ 27 ಅಧ್ಯಯನಗಳನ್ನು ಒರೆಗೆ ಹಚ್ಚಿತು. ಕ್ರಮಬದ್ಧವಾಗಿ ಇಂಥ ಸಭೆಗಳತ್ತ ಕರೆದೊಯ್ದವರಲ್ಲಿ ವರ್ಷದ ಕೊನೆಗೂ ಪೂರ್ತಿ ಕುಡಿಯದೇ ಉಳಿದವರು ಸುಮಾರು ಶೇ 42, ಇತರ ಮನೋಚಿಕಿತ್ಸೆಗಳಲ್ಲಿ ಸುಮಾರು ಶೇ 35. ಅಂತರ ಪವಾಡದ್ದಲ್ಲ, ನಿಜ. ಆದರೆ ಇದು ಬಹುತೇಕ ಖರ್ಚಿಲ್ಲದೆ, ಪದವಿ ಇಲ್ಲದವರು ನಡೆಸುವ ಸಭೆ ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಇನ್ನೊಂದು ಸಾಕ್ಷ್ಯ ಗೋವಾದ್ದು. ವಿಜಯಪುರದ ಎಷ್ಟೋ ಕುಟುಂಬಗಳು ದುಡಿಯಲು ಹೋಗುವ ಗೋವಾ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರ ಮಟ್ಟಕ್ಕೆ ಕುಡಿಯುತ್ತಿದ್ದ 377 ಗಂಡಸರ ಮೇಲೆ ಒಂದು ಪ್ರಯೋಗ ನಡೆದು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯರು ಕೆಲವೇ ಬಾರಿ ಆಪ್ತಸಲಹೆ ಕೊಟ್ಟಿದ್ದರು. ಮೂರು ತಿಂಗಳಲ್ಲಿ ಆ ಗುಂಪಿನ ಶೇ 36 ಮಂದಿ ಹಾನಿಕರ ಕುಡಿತದಿಂದ ಹೊರಬಂದಿದ್ದರು, ಸಲಹೆ ಸಿಗದವರಲ್ಲಿ ಶೇ 26. ಮಾತಾಡಲು ಗೊತ್ತಿರುವ, ಕೇಳಲು ತಾಳ್ಮೆಯಿರುವ ಊರವರೇ ಈ ಕೆಲಸ ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಬೇಕಿಲ್ಲ.

ಈಗಿನ ಸ್ಥಿತಿ ನೋಡಿ. 2019ರಲ್ಲಿ ಬಂದ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಮತ್ತು ಏಮ್ಸ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.9 ಕೋಟಿ ಜನ ಮದ್ಯಕ್ಕೆ ಅವಲಂಬಿತರು. ಅವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು, ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದವರು 180ಕ್ಕೆ ಒಬ್ಬರು. ಉಳಿದ 37 ಜನ ಇರುವುದು ಇಂಡಿಯ ನಿಂಬೆ ತೋಟದಲ್ಲಿ, ಕಬ್ಬಿನ ಗ್ಯಾಂಗಿನಲ್ಲಿ, ಸಿಂದಗಿಯ ಗ್ಯಾರೇಜಿನಲ್ಲಿ, ಆಲಮಟ್ಟಿಯ ಹಿನ್ನೀರಿನ ಹಳ್ಳಿಗಳಲ್ಲಿ. ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆ, ಬಿಎಲ್‌ಡಿಇ ವೈದ್ಯಕೀಯ ಕಾಲೇಜು ಇವೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆದರೆ ಮುದ್ದೇಬಿಹಾಳದ ಕೂಲಿಯವನು ವಾರವಾರ ಒಂದು ದಿನದ ಪಗಾರ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ ಜಿಲ್ಲಾ ಕೇಂದ್ರಕ್ಕೆ ಹೋಗಲಾರ. ನಾಲ್ಕು ತಾಲ್ಲೂಕುಗಳು ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳಾದವು. ಕಚೇರಿ ಹತ್ತಿರ ಬಂತು, ನೆರವು ಬರಲಿಲ್ಲ.

ಮದ್ಯ ಮಾತ್ರ ಮನೆಬಾಗಿಲಿಗೆ ಬಂದಿದೆ. 2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ ಅಗ್ಗದ ಮದ್ಯದ ಪೊಟ್ಟಣ 'ನೈಂಟಿ' ಬಂತು. ಹಳ್ಳಿಯ ಕಿರಾಣಿ ಅಂಗಡಿ, ಚಹಾದಂಗಡಿಗಳಲ್ಲಿ ಅಕ್ರಮವಾಗಿ ಸಿಗುತ್ತದೆಂಬ ದೂರು ಇಲ್ಲದ ಗ್ರಾಮಸಭೆ ಅಪರೂಪ. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಕೇಳಿದ್ದು ಮದ್ಯವನ್ನೇ ನಿಷೇಧಿಸಿ ಎಂದು. ರಾಜ್ಯದ 2025-26ರ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿತ್ತು. ಆ ಹಣದ ಒಂದು ಸಣ್ಣ ಚೂರಾದರೂ ಕುಡಿತ ಬಿಟ್ಟವರ ಬೆನ್ನಿಗೆ ನಿಲ್ಲಬೇಕೆಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಸಣ್ಣ ಪೇಟೆಯಲ್ಲಿ ಸಭೆ ನಡೆಸುವ ಕಷ್ಟಗಳನ್ನು ಮುಚ್ಚಿಡಬೇಕಿಲ್ಲ. ಸಿಂದಗಿಯಲ್ಲಿ ಯಾರು ಯಾವ ಬಾಗಿಲು ಹೊಕ್ಕರೆಂಬುದು ಸಂಜೆಯೊಳಗೆ ಊರಿಗೆ ಗೊತ್ತು. ಗುಟ್ಟು ಉಳಿಯದ ಕಡೆ ಮಾಸ್ತರರೋ ಪೊಲೀಸ್ ಪೇದೆಯೋ ಬರುವುದು ಹೇಗೆ? ಇದಕ್ಕೆ ದಾರಿ ಇದೆ. ನಾಲ್ಕು ಊರುಗಳ ಸಭೆಗಳು ವಾರದ ಬೇರೆ ಬೇರೆ ದಿನ ನಡೆದರೆ ಇಂಡಿಯವರು ಸಿಂದಗಿಗೆ, ಬಾಗೇವಾಡಿಯವರು ಮುದ್ದೇಬಿಹಾಳಕ್ಕೆ ಹೋಗಬಹುದು. ಹತ್ತು ಜನ ಬಿಟ್ಟು ಬಾಳುವುದು ಕಣ್ಣಿಗೆ ಬಿದ್ದ ಮೇಲೆ ಬಾಗಿಲು ಹೊಗುವ ನಾಚಿಕೆಯೂ ಕಡಿಮೆಯಾಗುತ್ತದೆ.

ಜಾಗದ ಆಯ್ಕೆ ಇನ್ನೂ ನಾಜೂಕಿನದು. ಮಠ ಉದಾರವಾಗಿ ಕೋಣೆ ಕೊಟ್ಟೀತು, ಆದರೆ ಸಭೆ ಮಠದ್ದೆಂದು ಅನಿಸಿದರೆ ಮುಸ್ಲಿಂ ಓಣಿಯ ಮತ್ತು ದಲಿತ ಕೇರಿಯ ಮನುಷ್ಯ ಹೊಸ್ತಿಲಲ್ಲೇ ನಿಲ್ಲುತ್ತಾನೆ. ಸರ್ಕಾರಿ ಶಾಲೆ, ಗ್ರಂಥಾಲಯ, ಪಂಚಾಯಿತಿ ಸಭಾಭವನ ಇದಕ್ಕೆ ಹೆಚ್ಚು ತಕ್ಕವು. ಸಭೆ ಎಲ್ಲರದೂ ಆಗಿರಬೇಕೆಂಬುದನ್ನು ಬಸವಣ್ಣ ಹುಟ್ಟಿದ ನೆಲಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಹೆಂಡ ಮಾರುವ ಕಾಯಕದ ಮಾರಯ್ಯನವರೂ ಶರಣರ ಗೋಷ್ಠಿಯಲ್ಲಿ ಸಮನಾಗಿ ಕೂತು ವಚನ ಬರೆದವರು.

ಮನೆಯ ಹೆಂಗಸರಿಗೂ ಬೇರೆ ಕೋಣೆ ಬೇಕು. ವರ್ಷಗಟ್ಟಲೆ ದುಡ್ಡು ಬಚ್ಚಿಟ್ಟು, ಏಟು ತಿಂದು, ನೆರೆಯವರ ಮುಂದೆ ಸುಳ್ಳು ಹೇಳಿ ಸಂಸಾರ ಕಾಯ್ದವರು ಗಂಡ ಬಿಟ್ಟ ಮರುದಿನವೇ ನಂಬಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಆಕ್ರನ್ನಿನ ಚಳವಳಿಗೂ ಇದು ತಡವಾಗಿ ಅರಿವಾಯಿತು. ಬಿಲ್‌ನ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರ ಜೊತೆ ಮನೆಯವರಿಗಾಗಿ ಅಲ್-ಅನಾನ್ ಕಟ್ಟಿದರು. ನಮ್ಮಲ್ಲಿ ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳ ವಾರದ ಸಭೆ ಆಗಲೇ ನಡೆಯುತ್ತಿದೆ. ಉಳಿತಾಯದ ಲೆಕ್ಕ ಮುಗಿದ ಮೇಲಿನ ಅರ್ಧ ತಾಸು ಇದಕ್ಕೆ ಸಿಕ್ಕರೆ ಸಾಕು. ಕುಡಿಯುವ ಹೆಂಗಸರ ಸಂಖ್ಯೆ ಕಡಿಮೆ, ಆದರೆ ಅವರು ಬಚ್ಚಿಡುವುದು ಗಂಡಸರಿಗಿಂತ ಹೆಚ್ಚು. ಅವರಿಗೆ ಮೊದಲು ಬೇಕಿರುವುದು ನಂಬಿ ಹೇಳಿಕೊಳ್ಳಬಹುದಾದ ಒಬ್ಬ ಆಶಾ ಕಾರ್ಯಕರ್ತೆ.

ಗುಳೆ ಹೋಗುವವರದು ಬೇರೆಯೇ ಸಮಸ್ಯೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರಿಗೆ ಹೋದವನ ಶೆಡ್ಡಿನಲ್ಲಿ ವಾರದ ಪಗಾರದ ರಾತ್ರಿ ಗಂಡಾಂತರದ್ದು. ಊರಿನ ಗುಂಪಿನಲ್ಲಿ ಒಬ್ಬರು ಆ ಹೊತ್ತಿಗೆ ಫೋನ್ ಎತ್ತುವವರಿದ್ದರೆ ಆ ರಾತ್ರಿ ದಾಟುತ್ತದೆ.

ಹೊಸ ಕಟ್ಟಡ, ಹೊಸ ಇಲಾಖೆ ಯಾವುದೂ ಇದಕ್ಕೆ ಬೇಡ. ಆಲ್ಕೋಹಾಲಿಕ್ಸ್ ಅನಾನಿಮಸ್ ಹೊರಗಿನ ದೇಣಿಗೆಯನ್ನೇ ತೆಗೆದುಕೊಳ್ಳುವುದಿಲ್ಲ, ಎರಡು ಮೂರು ಜನ ಸೇರಿದರೆ ಅದನ್ನೊಂದು ಗುಂಪೆಂದು ಒಪ್ಪುತ್ತದೆ. ತಾಲ್ಲೂಕು ಆಡಳಿತ ಸಂಜೆ ಒಂದೂವರೆ ತಾಸಿಗೆ ಕೋಣೆಯ ಕೀಲಿ ಕೊಡಲಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. ಅಂದು ಬರೆಯುವ ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ಸಭೆಯ ದಿನ, ಜಾಗ, ಹೊತ್ತು ಬರೆಯಲಿ. ಜೊತೆಗೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಇರಲಿ. ಸಾಧ್ಯವಾದರೆ ಗುಂಪಿನ ಒಬ್ಬ ಹಳೆಯ ಸದಸ್ಯ ಅಂದು ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂತಿದ್ದು, ಚೀಟಿ ಹಿಡಿದು ಹೊರಬಂದವನನ್ನು ಮಾತಾಡಿಸಿ, ಸಭೆಯ ದಿನ ತಾನೇ ಮನೆಗೆ ಬಂದು ಕರೆದುಕೊಂಡು ಹೋಗುವುದಾಗಿ ಹೇಳಲಿ.